ಜ್ಞಾನತಂತುಗಳ ರಚನೆಯೂ ಕಾರ್ಯವೂ

ವಾಚಕ ಭಗಿನಿಯರೂ ಪಾಲಕರೂ ಈ ಲೇಖವನ್ನು ಓದತೊಡಗುವ ಮೊದಲು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬೇಕೆಂದು ಬಿನ್ನಹ. ಎಡಗೈಯನ್ನು ಅರ್ಧ ಮಡಚಿ, ಮೊಣಕೈಯ ಒಳಬದಿಯಲ್ಲಿ ಎದ್ದು ಕಾಣುವ ಎಲುಬಿನ ಹಿಂದಿರುವ ಸಣ್ಣ ತಗ್ಗಿನಲ್ಲಿ ಬಲಗೈಯ ಬೆರಳನ್ನಿಟ್ಟು ಮೆಲ್ಲನೆ ಅತ್ತಿತ್ತ ಸರಿಸಿದರೆ, ಚರ್ಮದ ಕೆಳಗೆ ಒಂದು ಹುರಿಯು ಜಾರಿದಂತೆ ತೋರುವದು. ಸ್ವಲ್ಪ ಒತ್ತಿದರೆ ಕಿರುಬೆರಳಿನ ತುದಿಯವರೆಗೆ ಜುಮ್ಮೆನ್ನುವದು. ಬಾಗಿಲ ಚೌಕಟ್ಟಿಗೆ ಮೊಣಕೈ ತಾಕಿದಾಗ ಕೈಯಲ್ಲಿ ಮಿಂಚು ಹರಿದಂತಾಗುವದು ಈ ಹುರಿಗೆ ಪೆಟ್ಟು ಬೀಳುವದರಿಂದಲೇ. ಪೆಟ್ಟು ಬಿದ್ದದ್ದು ಮೊಣಕೈಗೆ, ಜುಮ್ಮೆಂದದ್ದು ಕಿರುಬೆರಳು, ಇದೇನು ಸೋಜಿಗ? ಆ ಹುರಿಯೊಳಗಿನ ಎಳೆಗಳು ಕಿರುಬೆರಳಿನಿಂದ ಬರುತ್ತವೆ. ಅವುಗಳ ಮೂಲಕ ಯಾವ ಸುದ್ದಿ ಬಂದರೂ ಅದು ಕಿರುಬೆರಳಿನದೇ ಎಂದು ಮೆದುಳು ತಿಳಿಯುವದು. ದಾರಿಯ ನಡುವೆ ಯಾರೋ ಕದ ತಟ್ಟಿದರೆಂಬದು ಅದಕ್ಕೆ ಗೊತ್ತಾಗುವದಿಲ್ಲ.

ಇಲ್ಲಿ ಮಾತಿನ ಒಂದು ತೊಡಕನ್ನು ಬಿಡಿಸಬೇಕು. ನಮ್ಮ ಕಡೆಯ ಜನರು ‘ನರ’ವೆಂಬ ಶಬ್ದವನ್ನು ಮೂರು ಬೇರೆ ಬೇರೆ ವಸ್ತುಗಳಿಗೆ ಬಳಸುವರು. ಮುಂಗೈಯ ಮೇಲೆ ನೀಲಿಯಾಗಿ ಕಾಣುವ ರಕ್ತನಾಳವೂ ನರ. ಹಿಮ್ಮಡದ ಮೇಲೆ ಬಿಗಿದ ಹಗ್ಗದಂತಿರುವ ಸ್ನಾಯುವಿನ ಕಟ್ಟೂ ನರ. ಸೊಂಟದಿಂದ ಕಾಲಿಗೆ ನೋವು ಇಳಿದರೆ ಅದೂ ‘ನರ ಹಿಡಿದದ್ದು’. ಇವುಗಳಲ್ಲಿ ಕೊನೆಯದೊಂದೇ ನಮ್ಮ ವಿಷಯವು. ಮರಾಠೀ ಶಾಲೆಗಳಲ್ಲಿ ಕಲಿತು ನಮ್ಮ ಗಡಿಭಾಗಕ್ಕೆ ಸೊಸೆಯಂದಿರಾಗಿ ಬಂದ ತಾಯಂದಿರು ಇದನ್ನು ಮಜ್ಜಾತಂತುವೆಂದು ಕಲಿತಿರುವರು. ಹಿಂದಿನವರು ಕನ್ನಡದಲ್ಲಿ ಜ್ಞಾನತಂತುವೆಂದರು. ಈಗಿನ ಪಠ್ಯಪುಸ್ತಕಗಳಲ್ಲಿ ನರ, ನರಕೋಶ, ನರಮಂಡಲ ಎಂದಿರುವದು. ಹೆಸರು ಯಾವದಿದ್ದರೂ ಅಡ್ಡಿಯಿಲ್ಲ. ರಕ್ತದ ನಾಳವು ಬೇರೆ, ಇದು ಬೇರೆ ಎಂಬಷ್ಟನ್ನು ನೆನಪಿನಲ್ಲಿಟ್ಟರೆ ಸಾಕು. ಇದರಲ್ಲಿ ರಕ್ತವು ಹರಿಯುವದಿಲ್ಲ; ಇದು ಟೊಳ್ಳೂ ಅಲ್ಲ.

ತಲೆಬುರುಡೆಯೊಳಗಿನ ಮೆದುಳು ಮತ್ತು ಬೆನ್ನೆಲುಬಿನ ಮಣಿಗಳ ನಡುವೆ ಇಳಿದಿರುವ ಬೆನ್ನುಹುರಿ, ಇವೆರಡೂ ಕೂಡಿ ಕೇಂದ್ರ ನರಮಂಡಲವೆನಿಸುವವು. ಮೆದುಳಿನಿಂದ ೧೨ ಜೊತೆ, ಬೆನ್ನುಹುರಿಯಿಂದ ೩೧ ಜೊತೆ ತಂತುಗಳು ಹೊರಟು, ಕವಲೊಡೆದು, ಕಣ್ಣು, ಕಿವಿ, ನಾಲಗೆ, ಚರ್ಮ, ಮಾಂಸಖಂಡ, ಕರುಳುಗಳನ್ನೆಲ್ಲ ಮುಟ್ಟಿರುವವು. ಇವು ಪರಿಧಿಯ ನರಮಂಡಲವು. ಪ್ರತಿಯೊಂದು ದೊಡ್ಡ ತಂತುವಿನಲ್ಲಿ ಸಾವಿರಾರು ಸೂಕ್ಷ್ಮ ಎಳೆಗಳಿದ್ದು, ಕೆಲವು ಸುದ್ದಿಯನ್ನು ಒಳಕ್ಕೆ ತರುವವು, ಕೆಲವು ಆಜ್ಞೆಯನ್ನು ಹೊರಕ್ಕೆ ಒಯ್ಯುವವು.

ಬೆನ್ನುಹುರಿಯು ಹೆಂಗಸರಲ್ಲಿ ಸುಮಾರು ೪೩ ಸೆಂಟಿಮೀಟರು ಉದ್ದ, ಕಿರುಬೆರಳಿನಷ್ಟು ದಪ್ಪ. ಅದು ಬೆನ್ನೆಲುಬಿನ ಬುಡದವರೆಗೆ ಇಳಿಯುವದಿಲ್ಲ. ಸೊಂಟದ ಐದು ಮಣಿಗಳಲ್ಲಿ ಮೊದಲನೆಯದರ ಅಥವಾ ಎರಡನೆಯದರ ಹತ್ತಿರ ಮುಗಿದುಹೋಗಿ, ಅಲ್ಲಿಂದ ಕೆಳಗೆ ತಂತುಗಳ ಎಳೆಗಳು ಮಾತ್ರ ಕುದುರೆಯ ಬಾಲದಂತೆ ನೀರಿನಲ್ಲಿ ತೇಲುತ್ತಿರುವವು. ಈ ಮಾತನ್ನು ನಾನು ಉದ್ದೇಶಪೂರ್ವಕವಾಗಿ ಹೇಳುತ್ತೇನೆ. ಹೆರಿಗೆಯ ಶಸ್ತ್ರಕ್ರಿಯೆಗೆ ಬೆನ್ನಿನಲ್ಲಿ ಸೂಜಿ ಚುಚ್ಚುವರೆಂದು ಕೇಳಿ, ಬೆನ್ನುಹುರಿಗೆ ಪೆಟ್ಟಾಗಿ ಕಾಲು ಬಿದ್ದುಹೋದೀತೆಂದು ಅಂಜುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಎಷ್ಟೋ ಜನ. ವೈದ್ಯರು ಆ ಸೂಜಿಯನ್ನು ಹಾಕುವದು ಹುರಿಯು ಮುಗಿದ ಸ್ಥಳಕ್ಕಿಂತ ಕೆಳಗೆ. ಅಲ್ಲಿಯ ಎಳೆಗಳು ಸಾಮಾನ್ಯವಾಗಿ ಸೂಜಿಯ ತುದಿಯಿಂದ ಪಕ್ಕಕ್ಕೆ ಸರಿದುಕೊಳ್ಳುವವು.

ಮೆದುಳಿನ ತೂಕವು ಸುಮಾರು ೧,೩೦೦ರಿಂದ ೧,೪೦೦ ಗ್ರಾಮು. ಶರೀರದ ತೂಕದಲ್ಲಿ ಅದು ನೂರಕ್ಕೆ ಎರಡು ಪಾಲು ಮಾತ್ರ. ಆದರೆ ನಾವು ಉಸಿರಿನಿಂದ ಪಡೆಯುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಅದೊಂದೇ ತಿಂದುಬಿಡುವದು. ಮೇಲಿನ ದೊಡ್ಡ ಭಾಗವು ಅಕ್ರೋಡದ ತಿರುಳಿನಂತೆ ಎರಡು ಹೋಳಾಗಿ, ಮಡಿಕೆ ಮಡಿಕೆಯಾಗಿರುವದು. ನೆನಪು, ವಿಚಾರ, ಮಾತು, ಇಚ್ಛೆಗಳು ಅದರ ಕೆಲಸ. ಎಡಹೋಳು ಬಲಗೈ ಬಲಗಾಲುಗಳನ್ನೂ ಬಲಹೋಳು ಎಡಭಾಗವನ್ನೂ ಆಳುವವು. ಆದುದರಿಂದಲೇ ಲಕ್ವ ಹೊಡೆದು ಬಲಗೈ ಬಿದ್ದವರಿಗೆ ಅನೇಕ ವೇಳೆ ಮಾತೂ ನಿಲ್ಲುವದು: ಹೆಚ್ಚಿನ ಜನರಲ್ಲಿ ಮಾತಿನ ಸ್ಥಾನವು ಎಡಹೋಳಿನಲ್ಲಿಯೇ ಇರುವದು. ಇದನ್ನು ಪ್ಯಾರಿಸಿನ ಬ್ರೋಕಾ ಎಂಬ ವೈದ್ಯನು ೧೮೬೧ರಿಂದ ಮುಂದಿನ ವರ್ಷಗಳಲ್ಲಿ ತೋರಿಸಿಕೊಟ್ಟನು. ಹಿಂದೆ ಕೆಳಗಿರುವ ಕಿರುಮೆದುಳು ಚಲನೆಯ ಸಮತೋಲವನ್ನು ಕಾಯುವದು. ಕೊಡದ ಮೇಲೆ ಕೊಡವಿಟ್ಟುಕೊಂಡು ಹಳ್ಳದ ದಂಡೆ ಹತ್ತುವ ಹೆಣ್ಣುಮಗಳು ಅದಕ್ಕೆ ಋಣಿ. ಇವೆರಡನ್ನೂ ಬೆನ್ನುಹುರಿಗೆ ಕೂಡಿಸುವ ಮೆದುಳಿನ ಕಾಂಡವು ಉಸಿರಾಟ, ನಾಡಿಬಡಿತಗಳನ್ನು ನಾವು ನಿದ್ದೆಯಲ್ಲಿದ್ದಾಗಲೂ ನಡೆಸುವದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಿಜವಾದ ಮಾನವ ಮೆದುಳುಗಳ ಸಂಗ್ರಹಾಲಯವೊಂದಿರುವದು. ಆ ನಗರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಪಾಲಕರು ಅರಮನೆ, ಉದ್ಯಾನಗಳ ಜೊತೆಗೆ ಇದನ್ನೂ ವಿಚಾರಿಸಬೇಕು.

ಈ ಎಲ್ಲ ಕಟ್ಟಡದ ಇಟ್ಟಿಗೆಯೆಂದರೆ ನರಕೋಶವು. ಮೆದುಳೊಂದರಲ್ಲಿಯೇ ಸುಮಾರು ೮,೬೦೦ ಕೋಟಿ ನರಕೋಶಗಳಿರುವವೆಂದು ಎಣಿಸಿದ್ದಾರೆ. ಒಂದೊಂದಕ್ಕೂ ಒಂದು ಒಡಲು, ಸುದ್ದಿ ಕೇಳುವ ಕವಲುಗಳು, ಮತ್ತು ಸುದ್ದಿ ಕಳಿಸುವ ಒಂದು ಉದ್ದನೆಯ ಬಾಲ. ಕಾಲ್ಬೆರಳನ್ನು ಆಡಿಸುವ ಕೋಶದ ಒಡಲು ಬೆನ್ನುಹುರಿಯಲ್ಲಿದ್ದು, ಅದರ ಬಾಲವು ಹತ್ತಿರ ಹತ್ತಿರ ಒಂದು ಮೀಟರು ಉದ್ದವಾಗಿರುವದು. ಕಣ್ಣಿಗೆ ಕಾಣದ ವಸ್ತುವಿಗೆ ಒಂದು ಮೀಟರು ಬಾಲ! ನಮ್ಮ ಗುರುಗಳ ಕಾಲದಲ್ಲಿ ಇದನ್ನು ತಂತಿ ಆಫೀಸಿನ ತಂತಿಗೆ ಹೋಲಿಸುತ್ತಿದ್ದರು. ೨೦೧೩ರಲ್ಲಿ ತಂತಿಯ ವ್ಯವಸ್ಥೆಯೇ ನಮ್ಮ ದೇಶದಲ್ಲಿ ನಿಂತುಹೋಯಿತು. ಮೇಲಾಗಿ ಆ ಹೋಲಿಕೆಯು ಪೂರ್ಣ ಸರಿಯಾದದ್ದೂ ಅಲ್ಲ. ಕಬ್ಬು ಕಡಿದ ಹೊಲದಲ್ಲಿ ರವದಿಗೆ ಬೆಂಕಿ ಇಟ್ಟುದನ್ನು ರಾಯಬಾಗ, ಅಥಣಿಯ ಕಡೆಯವರು ಕಂಡೇ ಇರುವರು. ಈ ತುದಿಗೆ ಹಚ್ಚಿದ ಬೆಂಕಿ ಆ ತುದಿಗೆ ಹೋಗಿ ಮುಟ್ಟುವದು. ಆದರೆ ಇಲ್ಲಿಯ ಬೆಂಕಿಯೇ ಅಲ್ಲಿಗೆ ಹರಿದು ಹೋಗುವದಿಲ್ಲ, ಪ್ರತಿಯೊಂದು ಎಲೆಯು ತನ್ನ ಮಗ್ಗುಲಿನ ಎಲೆಯನ್ನು ಹೊತ್ತಿಸುವದು. ತಂತುವಿನಲ್ಲಿಯೂ ಹಾಗೆಯೇ. ಒಂದೆಡೆ ಸೋಡಿಯಮ್ಮಿನ ಕಣಗಳು ಒಳನುಗ್ಗಿ ವಿದ್ಯುತ್ತಿನ ಸ್ಥಿತಿಯು ಬದಲಾಗುವದು, ಅದು ಮುಂದಿನ ಎಡೆಯನ್ನು ಕೆರಳಿಸುವದು. ರವದಿಯು ಸುಟ್ಟು ಬೂದಿಯಾಗುವದು. ತಂತುವು ಸೆಕೆಂದಿನ ಸಾವಿರದ ಕೆಲವೇ ಪಾಲಿನಲ್ಲಿ ಮತ್ತೆ ಮೊದಲಿನಂತೆ ಸಿದ್ಧವಾಗುವದು. ಕೊಬ್ಬಿನಂಥ ಹೊದಿಕೆಯುಳ್ಳ ದಪ್ಪ ಎಳೆಗಳಲ್ಲಿ ಸುದ್ದಿಯು ಸೆಕೆಂದಿಗೆ ೧೦೦ ಮೀಟರಿಗೂ ಮಿಕ್ಕಿ ಓಡಬಲ್ಲದು. ಹೊದಿಕೆಯಿಲ್ಲದ ಸಣ್ಣ ಎಳೆಗಳಲ್ಲಿ ಸುಮಾರು ಒಂದೇ ಮೀಟರು, ಎಂದರೆ ನಾವು ನಿಧಾನವಾಗಿ ನಡೆಯುವಷ್ಟು.

ರೊಟ್ಟಿ ಬೇಯಿಸುವಾಗ ಕಾದ ಹಂಚಿಗೆ ಬೆರಳು ತಗಲಿದರೆ ಏನಾಗುವದು? ಕೈ ಮೊದಲು ಹಿಂದಕ್ಕೆ ಬರುವದು; ‘ಅಯ್ಯೋ’ ಎಂಬದು ಆಮೇಲೆ; ಉರಿಯ ಪೂರ್ಣ ಅರಿವು ಅದಕ್ಕೂ ಆಮೇಲೆ. ಬೆರಳಿನ ಸುದ್ದಿಯು ಬೆನ್ನುಹುರಿಯನ್ನು ಮುಟ್ಟಿದ ಕೂಡಲೆ ಅಲ್ಲಿಂದಲೇ ಆಜ್ಞೆಯು ಹೊರಟು ಕೈಯನ್ನು ಎಳೆಸುವದು; ಮೆದುಳಿಗೆ ಹೋಗುವದು ಕೇವಲ ವರದಿಯು. ಅವಸರದ ಕೆಲಸಕ್ಕೆ ಮೇಲಿನ ಅಪ್ಪಣೆಯನ್ನು ಕಾಯಬಾರದೆಂಬ ಈ ಏರ್ಪಾಡನ್ನು ಪ್ರತಿಕ್ಷಿಪ್ತ ಕ್ರಿಯೆಯೆಂದು ಕರೆಯುವರು.

ಇಷ್ಟಾದ ಮೇಲೆ ನಿಪ್ಪಾಣಿಯ ತಂಬಾಕಿಗೆ ಬರುವೆನು. ಜ್ಞಾನತಂತುಗಳ ಶಾಸ್ತ್ರಕ್ಕೂ ತಂಬಾಕಿಗೂ ಏನು ಸಂಬಂಧವೆಂದು ಕೇಳುವವರಿಗೆ ಉತ್ತರವು ಸ್ಪಷ್ಟವಿದೆ: ಈ ಶಾಸ್ತ್ರದ ಒಂದು ಮುಖ್ಯ ಅಧ್ಯಾಯವನ್ನು ಬಿಡಿಸಿದ್ದೇ ತಂಬಾಕಿನ ಸತ್ವದಿಂದ.

ಒಂದು ನರಕೋಶದ ಬಾಲವು ಇನ್ನೊಂದರ ಕವಲಿಗೆ ಅಂಟಿಕೊಂಡಿರುವದಿಲ್ಲ. ನಡುವೆ ಮಿಲಿಮೀಟರಿನ ಸುಮಾರು ೫೦,೦೦೦ದ ಒಂದು ಪಾಲಿನಷ್ಟು ಸಂದು ಇರುವದು. ಈ ಸಂದನ್ನು ಸುದ್ದಿಯು ಹೇಗೆ ದಾಟುವದೆಂಬದು ಬಹುಕಾಲ ವಾದದ ವಿಷಯವಾಗಿತ್ತು. ೧೯೨೧ರಲ್ಲಿ ಆಟ್ಟೋ ಲೋವಿ ಎಂಬ ವಿಜ್ಞಾನಿಯು ಎರಡು ಕಪ್ಪೆಗಳ ಹೃದಯಗಳನ್ನು ತೆಗೆದು, ಒಂದರ ತಂತುವನ್ನು ಕೆರಳಿಸಿ ಅದರ ಬಡಿತವನ್ನು ನಿಧಾನಗೊಳಿಸಿದನು. ಆ ಹೃದಯವನ್ನು ತೊಯಿಸಿದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಲು, ಯಾರೂ ಕೆರಳಿಸದಿದ್ದರೂ ಅದರ ಬಡಿತವೂ ನಿಧಾನವಾಯಿತು. ಎಂದರೆ ತಂತುವಿನ ತುದಿಯು ಒಂದು ರಸಾಯನವನ್ನು ಸುರಿಸುವದು, ಅದೇ ಸುದ್ದಿಯನ್ನು ದಾಟಿಸುವದು ಎಂದು ಸಿದ್ಧವಾಯಿತು. ಅಸಿಟೈಲ್‌ಕೋಲಿನ್ ಎಂಬ ಈ ರಸಾಯನವು ಆಚೆಯ ಕೋಶದ ಮೇಲಿರುವ ಗ್ರಾಹಕಗಳಲ್ಲಿ, ಬೀಗದಲ್ಲಿ ಕೀಲಿಯಂತೆ, ಹೋಗಿ ಕೂಡ್ರುವದು. ಈ ಶೋಧಕ್ಕಾಗಿ ಲೋವಿಗೂ ಇಂಗ್ಲಂಡಿನ ಡೇಲನಿಗೂ ೧೯೩೬ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ತಂಬಾಕಿನ ಎಲೆಯಲ್ಲಿರುವ ನಿಕೊಟಿನ್ ಎಂಬ ವಿಷವು ಈ ಬೀಗಗಳಲ್ಲಿ ಕೆಲವಕ್ಕೆ ಕಳ್ಳಕೀಲಿ. ಅದನ್ನು ೧೮೨೮ರಲ್ಲಿ ಜರ್ಮನಿಯಲ್ಲಿ ಎಲೆಯಿಂದ ಬೇರ್ಪಡಿಸಿದರು. ೧೮೮೯ರಲ್ಲಿ ಕೇಂಬ್ರಿಜ್ಜಿನ ಲ್ಯಾಂಗ್ಲೀ ಮತ್ತು ಡಿಕಿನ್‌ಸನ್ ಎಂಬವರು ಪ್ರಾಣಿಗಳ ಕುತ್ತಿಗೆಯಲ್ಲಿಯ ಒಂದು ತಂತುಗ್ರಂಥಿಗೆ ನಿಕೊಟಿನ್ನನ್ನು ಕುಂಚದಿಂದ ಬಳಿದು ನೋಡಿದರು. ಮೊದಲು ಕೆರಳಿದ ಗ್ರಂಥಿಯು ಆಮೇಲೆ ಸುದ್ದಿಯನ್ನು ದಾಟಿಸದಾಯಿತು. ಗ್ರಂಥಿಯಿಂದ ಆಚೆಯ ತಂತುವನ್ನು ಕೆರಳಿಸಿದರೆ ಮಾತ್ರ ಕೆಲಸವು ನಡೆಯಿತು. ಹೀಗೆ ಬಳಿಯುತ್ತ ಬಳಿಯುತ್ತ, ಯಾವ ಎಳೆಯು ಯಾವ ಗ್ರಂಥಿಯಲ್ಲಿ ಕೈ ಬದಲಿಸುವದು, ಯಾವದು ನೇರವಾಗಿ ಹಾಯ್ದು ಹೋಗುವದು ಎಂಬ ನಕ್ಷೆಯನ್ನೇ ಅವರು ತಯಾರಿಸಿದರು. ನಮ್ಮ ಇಚ್ಛೆಯಿಲ್ಲದೆ ಹೃದಯ, ಜಠರ, ಕಣ್ಣಪಾಪೆ, ಬೆವರುಗಳನ್ನು ನಡೆಸುವ ಈ ತಂತುಜಾಲಕ್ಕೆ ಸ್ವಯಂಚಾಲಿತ ನರಮಂಡಲವೆಂಬ ಅರ್ಥದ ಹೆಸರನ್ನು ೧೮೯೮ರಲ್ಲಿ ಇಟ್ಟವನೂ ಲ್ಯಾಂಗ್ಲೀಯೇ. ಅದರಲ್ಲಿ ಎರಡು ಮುಖ್ಯ ಶಾಖೆಗಳು: ಒಂದು ಅಂಜಿಕೆ ಸಿಟ್ಟುಗಳ ಹೊತ್ತಿನಲ್ಲಿ ಎದೆ ಬಡಿಸಿ, ಬಾಯಿ ಒಣಗಿಸಿ, ಓಡಲು ಸಿದ್ಧಗೊಳಿಸುವದು. ಇನ್ನೊಂದು ಊಟವಾದ ಮೇಲೆ ಎಲ್ಲವನ್ನೂ ತಣಿಸಿ ಅರಗಿಸುವ ಕೆಲಸಕ್ಕೆ ಹಚ್ಚುವದು. ಪರೀಕ್ಷೆಯ ದಿನ ನಾಲಿಗೆ ಒಣಗಿತೆಂದು ನೀರು ಕೇಳುವ ಹುಡುಗಿಯರು ಮೊದಲನೆಯ ಶಾಖೆಯ ಪ್ರಜೆಗಳು.

ಈಗ ತಂಬಾಕಿನ ವಖಾರಿಗಳಲ್ಲಿ ದುಡಿಯುವ ತಾಯಂದಿರನ್ನು ನೆನೆಯಿರಿ. ನಿಪ್ಪಾಣಿಯಲ್ಲಿ ಎಲೆಯನ್ನು ಕುಟ್ಟಿ, ಸೋಸಿ, ಬೀಡಿಯ ತಂಬಾಕನ್ನು ತಯಾರಿಸಿದವರಲ್ಲಿಯೂ, ಮನೆಯಲ್ಲಿ ಕುಳಿತು ಬೀಡಿ ಕಟ್ಟಿದವರಲ್ಲಿಯೂ ಹೆಂಗಸರೇ ಹೆಚ್ಚು. ೧೯೮೧ರಲ್ಲಿ ಬೆಳೆಗಾರರು ಬೆಲೆಗಾಗಿ ಹೂಡಿದ ಚಳವಳಿಯು ಪತ್ರಿಕೆಗಳಲ್ಲಿ ಬಹಳ ಬಂದಿತು. ಈ ಹೆಂಗಸರ ತಲೆತಿರುಕಿನ ವಿಷಯವು ಅಷ್ಟು ಬರಲಿಲ್ಲ. ನಿಕೊಟಿನ್ನಿಗೆ ಶರೀರವನ್ನು ಹೊಗಲು ಹೊಗೆಯೇ ಬೇಕೆಂದಿಲ್ಲ. ಇಬ್ಬನಿಯಿಂದ ತೊಯ್ದ ಹಸಿ ಎಲೆಯನ್ನು ಮುರಿಯುವವರಿಗೆ ಅದು ಚರ್ಮದ ಮೂಲಕವೇ ಇಳಿಯುವದು. ಓಕರಿಕೆ, ವಾಂತಿ, ತಲೆನೋವು, ತಲೆ ತಿರುಗುವದು ಇದರ ಲಕ್ಷಣಗಳು. ಇದು ದೃಷ್ಟಿಯೂ ಅಲ್ಲ, ಪಿತ್ತವೂ ಅಲ್ಲ. ಲ್ಯಾಂಗ್ಲೀಯು ಕುಂಚದಿಂದ ಬಳಿದ ಅದೇ ವಸ್ತುವು ಅದೇ ಗ್ರಂಥಿಗಳ ಮೇಲೆ ಮಾಡುವ ಕೆಲಸ. ಒಣ ಬಟ್ಟೆ, ಕೈಗೆ ಹೊದಿಕೆ, ಕೆಲಸ ಮುಗಿದ ಮೇಲೆ ಸಾಬೂನಿನ ಸ್ನಾನ, ಮತ್ತು ಸೀರೆ ಬದಲಿಸಿದ ನಂತರವೇ ಕೂಸನ್ನು ಎತ್ತಿಕೊಳ್ಳುವದು: ಇಷ್ಟು ಮಾಡಲು ಹೆಚ್ಚಿನ ದುಡ್ಡು ಬೇಡ.

ಮಿಶ್ರಿಯ ಮಾತು ಬೇರೆ. ಹಂಚಿನ ಮೇಲೆ ತಂಬಾಕನ್ನು ಕರಿಯಾಗುವಂತೆ ಹುರಿದು, ಪುಡಿ ಮಾಡಿ ಹಲ್ಲಿಗೆ ತಿಕ್ಕುವ ರೂಢಿಯು ನಮ್ಮ ಗಡಿಯ ಎರಡೂ ಬದಿಯ ಹೆಂಗಸರಲ್ಲಿರುವದು. ಬೀಡಿ ಸೇದುವ ಗಂಡನನ್ನು ಬಯ್ಯುವವಳೇ ದಿನಕ್ಕೆ ನಾಲ್ಕು ಸಾರೆ ಮಿಶ್ರಿ ಹಚ್ಚುವಳು, ಅದು ಹಲ್ಲಿನ ಔಷಧವೆಂದು. ಒಸಡಿನಿಂದ ನಿಕೊಟಿನ್ ರಕ್ತಕ್ಕೂ, ಅಲ್ಲಿಂದ ಮೆದುಳಿಗೂ, ಗರ್ಭಿಣಿಯಾಗಿದ್ದರೆ ಕೂಸಿಗೂ ಹೋಗುವದು. ಅಂಥ ತಾಯಂದಿರ ಮಕ್ಕಳು ಕಡಿಮೆ ತೂಕದವರಾಗಿ, ದಿನ ತುಂಬುವ ಮೊದಲೇ ಹುಟ್ಟುವ ಸಂಭವವು ಹೆಚ್ಚು. ಮಿಶ್ರಿ ಹಚ್ಚದಿದ್ದರೆ ತಲೆ ಹಿಡಿಯುವದು, ಮನಸ್ಸು ಸಿಡಿಮಿಡಿಗೊಳ್ಳುವದು ಎನ್ನುವರು, ಅದು ನಿಜ. ದಿನವೂ ಕಳ್ಳಕೀಲಿ ತಿರುವುತ್ತ ಹೋದರೆ ಮೆದುಳು ಹೆಚ್ಚು ಬೀಗಗಳನ್ನು ಮಾಡಿಕೊಂಡು, ಕೀಲಿಯು ಬರದಿದ್ದರೆ ಹಂಬಲಿಸುವದು. ಆದರೆ ಬಿಟ್ಟ ಮೇಲೆ ಈ ತೊಂದರೆಯು ಮೊದಲಿನ ಕೆಲವು ದಿನ ತೀವ್ರವಾಗಿದ್ದು, ಸಾಮಾನ್ಯವಾಗಿ ಎರಡು ನಾಲ್ಕು ವಾರಗಳಲ್ಲಿ ಇಳಿದುಹೋಗುವದು. ಇದನ್ನು ಮೊದಲೇ ತಿಳಿದವಳು ಮೂರನೆಯ ದಿನಕ್ಕೆ ಸೋಲುವದಿಲ್ಲ.

ನಾಗರಹಾವಿನ ವಿಷವು ಇದೇ ಕುಲದ ಬೀಗಗಳ ಮೇಲೆ ಕೆಲಸ ಮಾಡುವದೆಂಬದು ಹಲವರಿಗೆ ಆಶ್ಚರ್ಯವೆನಿಸೀತು. ತಂತುವು ಮಾಂಸಖಂಡವನ್ನು ಮುಟ್ಟುವ ಸ್ಥಳದಲ್ಲಿರುವ ಗ್ರಾಹಕಗಳಿಗೆ ಅದು ಮೇಣ ತುಂಬಿದಂತೆ ಮಾಡುವದು. ಕೀಲಿ ಒಳಗೆ ಹೋಗದು. ಕಟ್ಟುಹಾವಿನ ವಿಷವು ಇನ್ನೂ ಕೆಟ್ಟದು, ಅದು ರಸಾಯನವನ್ನು ಸುರಿಸುವ ತಂತುವಿನ ತುದಿಯನ್ನೇ ಕೆಡಿಸುವದು. ಕೃಷ್ಣೆಯ ದಂಡೆಯ ಕಬ್ಬಿನ ಸೀಮೆಯಲ್ಲಿ ನೆಲದ ಮೇಲೆ ಮಲಗುವವರು ಇದನ್ನು ಅರಿತಿರಬೇಕು. ಕಟ್ಟುಹಾವು ರಾತ್ರಿ ಕಚ್ಚುವದು. ನೋವು, ಬಾವು ಹೆಚ್ಚಾಗಿ ಇರುವದಿಲ್ಲ. ನಸುಕಿನಲ್ಲಿ ಹೊಟ್ಟೆನೋವೆಂದು ಏಳುವರು. ಆಮೇಲೆ ರೆಪ್ಪೆಗಳು ಜೋತುಬೀಳುವವು, ನುಂಗುವದು ಕಷ್ಟವಾಗುವದು, ಕೊನೆಗೆ ಉಸಿರಿನ ಮಾಂಸಖಂಡಗಳು ನಿಲ್ಲುವವು. ಇಲ್ಲಿ ಗಮನಿಸತಕ್ಕ ಮಾತೆಂದರೆ, ವಿಷವು ಕೆಡಿಸಿದ್ದು ತಂತುವಿನ ತುದಿಯನ್ನು, ಮೆದುಳನ್ನಲ್ಲ. ಕಣ್ಣು ತೆರೆಯಲಾರದ, ಬೆರಳನ್ನೂ ಆಡಿಸಲಾರದ ಆ ಮನುಷ್ಯನು ಸುತ್ತಲಿನವರ ಅಳುವನ್ನೆಲ್ಲ ಕೇಳುತ್ತಿರಬಹುದು. ಉಸಿರಾಟಕ್ಕೆ ಯಂತ್ರದ ಸಹಾಯ ದೊರೆತರೆ, ತಂತುಗಳ ತುದಿಗಳು ಚೇತರಿಸಿಕೊಂಡ ಮೇಲೆ ಅವನು ಎದ್ದು ಮನೆಗೆ ನಡೆದು ಬರಬಲ್ಲನು. ಆದುದರಿಂದ ಬಿಗಿಯಾಗಿ ಕಟ್ಟುವದು, ಕೊಯ್ಯುವದು, ಮಂತ್ರಿಸುವದು ಇವೊಂದನ್ನೂ ಮಾಡದೆ, ಕಚ್ಚಿದ ಕೈಕಾಲನ್ನು ಅಲುಗಾಡಿಸದೆ, ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ ಒಯ್ಯಬೇಕು. ಡಾ. ವಾನ್‌ಲೆಸ್ ಅವರು ೧೮೯೪ರಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದಂದಿನಿಂದ ಕಾಗವಾಡ, ಅಥಣಿಯ ಕಡೆಯವರಿಗೆ ದೊಡ್ಡ ರೋಗಕ್ಕೆ ಮಿರಜದ ದಾರಿಯು ಗೊತ್ತಿರುವದು. ಹಾವಿಗೆ ಮಾತ್ರ ಮೊದಲು ಸಮೀಪದ ತಾಲೂಕಾ ಆಸ್ಪತ್ರೆಯೇ ಸರಿ. ೨೦೨೪ರಲ್ಲಿ ಕರ್ನಾಟಕ ಸರಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿತು.

ಮೊಣಕೈಯ ಹುರಿಯ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಕುಷ್ಠದ ಸೂಕ್ಷ್ಮಜಂತುವು ಹೆಚ್ಚಾಗಿ ಹಿಡಿಯುವ ತಂತುಗಳಲ್ಲಿ ಇದೂ ಒಂದು. ಆಗ ಇದು ದಪ್ಪಾಗಿ ಬೆರಳಿಗೆ ಸಿಗುವದು. ಬೆರಳುಗಳು ರೋಗದಿಂದಲೇ ಕೊಳೆತು ಉದುರುವವೆಂದು ಜನರು ನಂಬಿದ್ದರು. ವೆಲ್ಲೂರಿನ ಮಿಶನ್ ಆಸ್ಪತ್ರೆಯಲ್ಲಿದ್ದ ಡಾ. ಪಾಲ್ ಬ್ರ್ಯಾಂಡರು ೧೯೪೦ರ ದಶಕದ ಕೊನೆಯಿಂದ ಮಾಡಿದ ಕೆಲಸದಿಂದ ಬೇರೆಯೇ ಸಂಗತಿಯು ಹೊರಬಿದ್ದಿತು: ನೋವಿನ ಸುದ್ದಿಯು ಮುಟ್ಟದ್ದರಿಂದ ರೋಗಿಗಳು ಸುಟ್ಟ, ಗಾಯಗೊಂಡ ಬೆರಳನ್ನು ಕಾಯ್ದುಕೊಳ್ಳುವದಿಲ್ಲ. ಹಂಚಿನ ಬಿಸಿಯಿಂದ ಕೈಯನ್ನು ಎಳೆಸುವ ಏರ್ಪಾಡಿನ ಮೊದಲನೆಯ ಎಳೆಯೇ ಅಲ್ಲಿ ಕಡಿದಿರುವದು. ಈಗ ಆರು ಅಥವಾ ಹನ್ನೆರಡು ತಿಂಗಳ ಔಷಧದಿಂದ ಈ ರೋಗವು ಗುಣವಾಗುವದು, ಆ ಔಷಧವು ಸರಕಾರೀ ಆರೋಗ್ಯಕೇಂದ್ರಗಳಲ್ಲಿ ಧರ್ಮಾರ್ಥವಾಗಿ ದೊರೆಯುವದು. ಮುಟ್ಟಿದರೆ ತಿಳಿಯದ ಮಾಸಲು ಮಚ್ಚೆಯು ಮಗುವಿನ ಮೈಮೇಲೆ ಕಂಡರೆ ಅದನ್ನು ಬಟ್ಟೆಯಿಂದ ಮುಚ್ಚಬೇಡಿರಿ. ಕುಷ್ಠವನ್ನು ವಿವಾಹವಿಚ್ಛೇದಕ್ಕೆ ಕಾರಣವೆಂದು ಹೇಳಿದ್ದ ಕಾನೂನುಗಳು, ಕ್ರೈಸ್ತರಿಗೆ ಅನ್ವಯಿಸುವ ೧೮೬೯ರ ಕಾನೂನು ಸಹ, ೨೦೧೯ರಲ್ಲಿ ತಿದ್ದಲ್ಪಟ್ಟವು.

ಮದುವೆಯ ಮಾತು ಬಂದುದರಿಂದ ಅಪಸ್ಮಾರದ ಬಗ್ಗೆ ಹೇಳದೆ ಇರಲಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಮುಂಜಾನೆಯ ಸಾಲಿನಲ್ಲಿ ನಿಂತಾಗಲೇ ಬಿದ್ದು ಕೈಕಾಲು ಬಡಿಯಹತ್ತಿದಳು. ಸುದ್ದಿ ಮುಟ್ಟಿ ಓಡಿಬಂದ ತಾಯಿಯು, ಮಗಳಿಗೆ ಹೇಗಿದೆ ಎಂದು ಕೇಳುವ ಮೊದಲು, “ಬಾಯಿಯವರs, ಇದನ್ನ ಯಾರಿಗೂ ಹೇಳಬ್ಯಾಡ್ರಿ, ನಾಳೆ ಕೊಟ್ಟುಕೊಳ್ಳೂದೈತಿ” ಎಂದಳು. ಆ ತಾಯಿಯನ್ನು ನಾನು ದೂಷಿಸುವದಿಲ್ಲ. ನಮ್ಮ ಊರುಗಳನ್ನು ಅವಳು ಬಲ್ಲಳು.

ಅಪಸ್ಮಾರವೆಂದರೆ, ಮೆದುಳಿನ ಕೋಶಗಳು ಒಂದೊಂದಾಗಿ, ಸರತಿಯಿಂದ ಕಳಿಸಬೇಕಾದ ಸುದ್ದಿಯನ್ನು ಗುಂಪುಗುಂಪಾಗಿ ಒಮ್ಮೆಲೇ ಸಿಡಿಸುವದು. ತಲೆಯ ಮೇಲಿನಿಂದಲೇ ಮೆದುಳಿನ ವಿದ್ಯುತ್ತಿನ ಅಲೆಗಳನ್ನು ಬರೆದುಕೊಳ್ಳುವ ರೀತಿಯನ್ನು ಹ್ಯಾನ್ಸ್ ಬರ್ಗರನು ೧೯೨೪ರಲ್ಲಿ ಸಾಧಿಸಿದನು; ಅದರಲ್ಲಿ ಈ ಸಿಡಿತವನ್ನು ಕಣ್ಣಾರೆ ಕಾಣಬಹುದು. ಅಲ್ಲಿ ಗಾಳಿಯೂ ಇಲ್ಲ, ದೆವ್ವವೂ ಇಲ್ಲ. ಹುಟ್ಟುವಾಗ ಆದ ಪೆಟ್ಟು, ತಲೆಯ ಗಾಯ, ಮೆದುಳಿನ ಜ್ವರ, ಮತ್ತು ನಮ್ಮ ದೇಶದಲ್ಲಿ ವಿಶೇಷವಾಗಿ, ಸರಿಯಾಗಿ ತೊಳೆಯದ ಕಾಯಿಪಲ್ಯದ ಮೂಲಕ ಹೊಟ್ಟೆಗೆ ಹೋಗುವ ಲಾಡಿಹುಳದ ತತ್ತಿಗಳು ಇದಕ್ಕೆ ಕಾರಣವಾಗುವದುಂಟು. ಸರಿಯಾದ ಔಷಧದಿಂದ ನೂರರಲ್ಲಿ ಸುಮಾರು ೭೦ ಜನರು ಬೇನೆ ಬರದೆ ಬಾಳಬಲ್ಲರು. ಹಿಂದೂ ವಿವಾಹ ಕಾನೂನು, ವಿಶೇಷ ವಿವಾಹ ಕಾನೂನುಗಳಲ್ಲಿ ಅಪಸ್ಮಾರವಿದ್ದವರ ಮದುವೆಗೆ ಅಡ್ಡಿಯಾಗಿದ್ದ ಮಾತನ್ನು ೧೯೯೯ರಲ್ಲಿ ತೆಗೆದುಹಾಕಲಾಯಿತು.

ಕಾನೂನು ಬದಲಾದರೂ ಮುಚ್ಚಿಡುವದು ನಿಂತಿಲ್ಲ, ಕೇಡು ಬರುವದು ಅಲ್ಲಿಂದಲೇ. ಅತ್ತೆಯ ಮನೆಯಲ್ಲಿ ಗುಳಿಗೆ ಕಂಡೀತೆಂದು ಸೊಸೆಯು ನುಂಗುವದನ್ನು ಬಿಡುವಳು. ಬಿಟ್ಟ ಕೆಲವೇ ದಿನಗಳಲ್ಲಿ ಒಲೆಯ ಮುಂದೆಯೋ ಬಾವಿಯ ದಂಡೆಯಲ್ಲಿಯೋ ಬೀಳುವಳು. ಈ ಗುಳಿಗೆಗಳನ್ನು ಒಮ್ಮೆಲೆ ನಿಲ್ಲಿಸತಕ್ಕದ್ದಲ್ಲ. ಅವುಗಳಲ್ಲಿ ಕೆಲವು, ಮುಖ್ಯವಾಗಿ ವ್ಯಾಲ್ಪ್ರೋಯೇಟ್, ಗರ್ಭದಲ್ಲಿಯ ಶಿಶುವಿಗೆ ಹಾನಿಕರವಾಗಿರುವದರಿಂದ, ಮದುವೆ ಗೊತ್ತಾದ ಕೂಡಲೇ ವೈದ್ಯರಿಗೆ ತಿಳಿಸಿ ಬೇರೆ ಔಷಧಕ್ಕೆ ಬದಲಿಸಿಕೊಳ್ಳಲು ಸಮಯವಿರಬೇಕು. ಅಡಗಿಸಿದವಳಿಗೆ ಆ ಸಮಯವು ಸಿಗುವದಿಲ್ಲ.

ಬೇನೆ ಬಂದಾಗ ಕೈಯಲ್ಲಿ ಕೀಲಿಕೈ ಕೊಡುವದು, ಉಳ್ಳಾಗಡ್ಡಿ ಅಥವಾ ಚಪ್ಪಲಿ ಮೂಸಿಸುವದು ನಿರರ್ಥಕ. ಬಾಯಲ್ಲಿ ಚಮಚ ತುರುಕುವದು ಅಪಾಯಕರ. ಹಲ್ಲು ಮುರಿದೀತು, ನಾಲಿಗೆಯನ್ನು ಯಾರೂ ನುಂಗಲಾರರು. ಅವಳನ್ನು ಅಮುಕಿ ಹಿಡಿಯದೆ, ಸುತ್ತಲಿನ ಕಲ್ಲು, ಬೆಂಕಿ, ಬೆಂಚುಗಳನ್ನು ದೂರ ಸರಿಸಿ, ತಲೆಯ ಕೆಳಗೆ ಮಡಚಿದ ಸೆರಗನ್ನಿಟ್ಟು, ಒಗ್ಗಾಲಾಗಿ ಮಲಗಿಸಿ ಗಡಿಯಾರವನ್ನು ನೋಡುತ್ತಿರಬೇಕು. ಹೆಚ್ಚಾಗಿ ಎರಡು ಮೂರು ನಿಮಿಷಗಳಲ್ಲಿ ತಾನೇ ನಿಲ್ಲುವದು. ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೊಮ್ಮೆ ಬಂದರೆ, ತಡಮಾಡದೆ ೧೦೮ಕ್ಕೆ ಫೋನು ಮಾಡಿ ವಾಹನವನ್ನು ಕರೆಸಬೇಕು.